ಕೂತವರ ಬೆನ್ನು, ನಿಂತವರ ಕಾಲು

ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮ ಹಿರಿಯರು ಹೇಳ್ತಿದ್ರು. ಈಗಿನ ಕಾಲಕ್ಕೆ ಆ ಗಾದೆಯನ್ನ ಸ್ವಲ್ಪ ತಿದ್ದಬೇಕು ನೋಡಿ. ಕೂತು ದುಡಿಯೋನಿಗೆ ಇರೋ ಒಂದು ಬೆನ್ನು ಸಾಲದು!

ಯಾಕೆ ಈ ಮಾತು ಅಂದ್ರೆ, ಮೊನ್ನೆ ಮೈಸೂರಿಗೆ ಹೋಗಿದ್ದೆ. ನಜರ್‌ಬಾದಿನಲ್ಲಿ ನನ್ನ ಹಳೇ ಸ್ನೇಹಿತನ ಮನೆ. ಅವನ ಮಗ ಸಾಫ್ಟ್‌ವೇರ್ ಎಂಜಿನಿಯರ್. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಪಿಜಿ ಖಾಲಿ ಮಾಡಿ, ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಗೆ ಬಂದವನು, ಇವತ್ತಿಗೂ ವಾರದಲ್ಲಿ ಬಹುತೇಕ ದಿನ ಮನೆಯಿಂದಲೇ ಕೆಲಸ. ಊಟದ ಟೇಬಲ್ಲೇ ಆಫೀಸು. ದಿನಕ್ಕೆ ಹತ್ತು ಗಂಟೆ ಕೂರ್ತಾನೆ. ಮೂವತ್ತು ವರ್ಷಕ್ಕೇ ಸೊಂಟ ಹಿಡ್ಕೊಂಡು ಏಳ್ತಾನೆ, ಅರವತ್ತರ ಅಪ್ಪ ಅವನಿಗಿಂತ ಚುರುಕಾಗಿ ಓಡಾಡ್ತಾನೆ.

ಹುಡುಗ ನನ್ನ ಮುಂದೆ ಮೊಬೈಲ್ ಹಿಡಿದ. 'ಅಂಕಲ್, ಇದು ಎಲೆಕ್ಟ್ರಿಕ್ ಸ್ಟ್ಯಾಂಡಿಂಗ್ ಡೆಸ್ಕ್. ಗುಂಡಿ ಒತ್ತಿದ್ರೆ ಮೇಜೇ ಮೇಲಕ್ಕೆ ಏಳುತ್ತೆ. ನಿಂತು ಕೆಲಸ ಮಾಡಬಹುದು. ಸುಸ್ತಾದ್ರೆ ಮತ್ತೆ ಗುಂಡಿ ಒತ್ತಿ ಕೆಳಗಿಳಿಸಿ ಕೂರಬಹುದು. ದೊಡ್ಡ ಕಂಪನಿಯದ್ದಾದ್ರೆ ನಲವತ್ತು ಸಾವಿರದ ಮೇಲೆ. ಇದು ಬರೀ ಹದಿನೆಂಟು ಸಾವಿರ. ತಗೊಳ್ಳಲಾ ಬೇಡವಾ?'

ನಾನು ಬಾಯಿ ತೆರೆಯೋ ಮೊದಲೇ ಅಡುಗೆಮನೆಯಿಂದ ಅವನ ತಾಯಿ ಬಂದರು. ಅವರು ಇಪ್ಪತ್ತೆರಡು ವರ್ಷ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡಿದವರು. ಬೆಳಗ್ಗೆ ಹತ್ತರಿಂದ ರಾತ್ರಿ ಎಂಟೂವರೆವರೆಗೆ. ಕೂರೋ ಹಾಗಿಲ್ಲ. ಕೂತರೆ ಮಾಲೀಕರ ಕಣ್ಣು ಕೆಂಪು. ಇವತ್ತು ಅವರ ಎರಡೂ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿವೆ. ಅವರು ನಗ್ತಾ ಕೇಳಿದ್ದು ಇಷ್ಟೇ. 'ನೀವೇ ಹೇಳಿ ಅಣ್ಣಾ, ನಿಂತ್ಕೊಳ್ಳೋದಕ್ಕೆ ಯಾರಾದ್ರೂ ಹದಿನೆಂಟು ಸಾವಿರ ಕೊಡ್ತಾರಾ? ನನಗೆ ನಿಂತಿದ್ದಕ್ಕೇ ಸಂಬಳ ಕೊಡ್ತಿದ್ರು!'

ಒಂದೇ ಮನೆ. ಕೂತು ಬೆನ್ನು ಕಳ್ಕೊಂಡ ಮಗ. ನಿಂತು ಕಾಲು ಕಳ್ಕೊಂಡ ತಾಯಿ. ಹಾಗಾದ್ರೆ ಯಾರು ಸರಿ? ಮೇಜು ತಗೋಬೇಕಾ, ಬೇಡವಾ? ಉತ್ತರ ಕೊಡ್ತೀನಿ. ಆದ್ರೆ ಅದಕ್ಕೂ ಮೊದಲು ಇತಿಹಾಸದ ಕೆಲವು ಪುಟ ತಿರುವಿ ಹಾಕೋಣ. ಯಾಕಂದ್ರೆ ಯಾರು ಕೂರಬೇಕು, ಯಾರು ನಿಲ್ಲಬೇಕು ಅನ್ನೋದನ್ನ ಈ ನಾಡಿನಲ್ಲಿ ಬೆನ್ನನ್ನ ಕೇಳಿ ಯಾರೂ ಯಾವತ್ತೂ ತೀರ್ಮಾನ ಮಾಡಿಲ್ಲ.

ಆ ಹುಡುಗನ ಮನೆಯಿಂದಲೇ ಶುರು ಮಾಡೋಣ. ನಜರ್‌ಬಾದ್ ಅಂದ್ರೆ ಇವತ್ತು ನಮಗೆ ನೆನಪಾಗೋದು ಮೈಲಾರಿ ದೋಸೆ, ಮೃಗಾಲಯ, ಕಾರಂಜಿ ಕೆರೆ. ಆದ್ರೆ ಆ ಹೆಸರು ಬಂದಿದ್ದು ಟಿಪ್ಪು ಸುಲ್ತಾನ್ ಕಾಲದಲ್ಲಿ. ನಜರ್ ಅಂದ್ರೆ ನೋಟ, ದೃಷ್ಟಿ. 1787ರ ಸುಮಾರಿಗೆ ಟಿಪ್ಪು ಹಳೇ ಮೈಸೂರು ಕೋಟೆಯನ್ನ ಕೆಡವಿಸಿ, ಅದೇ ಕಲ್ಲು ಸಾಗಿಸಿ ಪಕ್ಕದ ದಿನ್ನೆಯ ಮೇಲೆ ಹೊಸ ಕೋಟೆ ಕಟ್ಟಿಸೋಕೆ ಹೊರಟ. ಅದೇ ನಜರ್‌ಬಾದ್. ಕೋಟೆ ಮುಗಿಯಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅದೇ ವರ್ಷ ಜೂನ್ 30ರಂದು, ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರು ಗದ್ದುಗೆ ಏರಿದರು. ಮೈಸೂರು ಕೋಟೆಯನ್ನ ಮತ್ತೆ ಕಟ್ಟೋಕೆ ನಜರ್‌ಬಾದಿನ ಕಲ್ಲುಗಳು ವಾಪಸ್ ಬಂದವು. ಹೋದ ಕಲ್ಲೇ ಹಿಂದಕ್ಕೆ!

ಗದ್ದುಗೆಯಲ್ಲಿ ಕೂತಿದ್ದು ಮಗು. ಆಡಳಿತ ನಡೆಸಿದ್ದು ದಿವಾನ್ ಪೂರ್ಣಯ್ಯ. ಮೇಲೆ ಕಣ್ಣಿಟ್ಟಿದ್ದು ಬ್ರಿಟಿಷ್ ರೆಸಿಡೆಂಟ್. ಆ ರೆಸಿಡೆಂಟರಲ್ಲಿ ಒಬ್ಬ ಮಾರ್ಕ್ ವಿಲ್ಕ್ಸ್. ನಜರ್‌ಬಾದಿಗೆ ಹೊಂದಿಕೊಂಡಂತಿರೋ ಸರ್ಕಾರಿ ಭವನ ಇದೆಯಲ್ಲ, ದಪ್ಪ ಕಂಬಗಳ ಬಿಳಿ ಕಟ್ಟಡ, ಅದರ ಕೆಲಸ ಶುರುವಾಗಿದ್ದು ಇವನ ಕಾಲದಲ್ಲೇ. ಈ ವಿಲ್ಕ್ಸ್ ಮೈಸೂರಿನ ಇತಿಹಾಸವನ್ನ ಮೂರು ಸಂಪುಟಗಳಲ್ಲಿ ಬರೆದ. 1810ರಿಂದ 1817ರ ನಡುವೆ ಅವು ಅಚ್ಚಾದವು. ನಮ್ಮ ಜನ ಹೇಗೆ ಲೆಕ್ಕ ಬರೀತಿದ್ರು ಅನ್ನೋದನ್ನ ಅವನು ಅದರಲ್ಲಿ ವಿವರಿಸಿದ್ದಾನೆ.

ಏನದು? ಕಡತ. ಒಂದು ಅಡಿಯೊಳಗಿನ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿ ಬಟ್ಟೆ. ಎರಡೂ ಕಡೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ. ಒಣಗಿದ ಮೇಲೆ ಬೀಸಣಿಗೆ ಮಡಿಸಿದ ಹಾಗೆ ಮಡಿಕೆ. ತುದಿಗಳಿಗೆ ಮರದ ಹಲಗೆ. ಬರೆಯೋಕೆ ಬಳಪ. ತಪ್ಪಾದ್ರೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೀಬಹುದು. ಇವತ್ತು ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ನಾವು ಕಡತ ಅಂತೀವಲ್ಲ, 'ಕಡತ ವಿಲೇವಾರಿ' ಅಂತ ಸುದ್ದಿಯಲ್ಲಿ ಓದ್ತೀವಲ್ಲ, ಆ ಪದ ಹುಟ್ಟಿದ್ದು ಈ ಕಪ್ಪು ಬಟ್ಟೆಯಿಂದ. ಬಟ್ಟೆ ಹೋಯ್ತು, ಬಳಪ ಹೋಯ್ತು, ಹೆಸರು ಮಾತ್ರ ಉಳೀತು.

ಈಗ ಒಂದು ವಿಷ್ಯ ಗಮನಿಸಿ. ಕಡತಕ್ಕೆ ಮೇಜು ಬೇಕಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಇಟ್ಟುಕೊಂಡು ಬರೀಬಹುದು. ಓಲೆಗರಿಗೂ ಮೇಜು ಬೇಡ. ಎಡಗೈಯಲ್ಲಿ ಗರಿ, ಬಲಗೈಯಲ್ಲಿ ಕಂಠ. ಮುಂದೆ ಕಾಗದ ಬಂದಾಗಲೂ ಗುಮಾಸ್ತರ ಮುಂದೆ ಬಂದಿದ್ದು ಇಳಿಜಾರು ಮುಚ್ಚಳದ ಗಿಡ್ಡ ಪೆಟ್ಟಿಗೆ ಅಷ್ಟೇ. ಹಳೇ ಜವಳಿ ಅಂಗಡಿಗಳಲ್ಲಿ, ಮಂಡಿಗಳಲ್ಲಿ ಅದನ್ನ ನೀವೂ ನೋಡಿರ್ತೀರಿ. ಕಾಲು ಮರಗಟ್ಟಿದ್ರೆ ಮಗ್ಗುಲು ಬದಲಾಯಿಸ್ತಿದ್ರು, ಮೊಣಕಾಲು ಎತ್ತಿ ಕೂರ್ತಿದ್ರು, ಗೋಡೆಗೆ ಒರಗ್ತಿದ್ರು. ಗಂಟೆಗೆ ಹತ್ತು ಸಲ ಭಂಗಿ ಬದಲಾಗ್ತಿತ್ತು. ನೆಲದಿಂದ ಏಳೋದು, ಕೂರೋದೇ ಒಂದು ವ್ಯಾಯಾಮ.

ಕಚೇರಿಯಲ್ಲಿ ಯಾರು ಎಲ್ಲಿ ಕೂರಬೇಕು ಅನ್ನೋ ಯೋಚನೆ ನಮಗೆ ಹೊಸದೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗರಿ ಕಟ್ಟುಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನ ಪತ್ತೆ ಮಾಡಿ, 1909ರಲ್ಲಿ ಅಚ್ಚಿಗೆ ತಂದವರು ನಮ್ಮ ಆರ್. ಶಾಮಾಶಾಸ್ತ್ರಿಗಳು. ಲೆಕ್ಕದ ಕಚೇರಿ ಹೇಗಿರಬೇಕು ಅಂತ ಅದರಲ್ಲಿ ಒಂದು ಅಧ್ಯಾಯವೇ ಇದೆ. ಶಾಸ್ತ್ರಿಗಳ ಅನುವಾದದ ಪ್ರಕಾರ ಬಾಗಿಲು ಉತ್ತರಕ್ಕೋ ಪೂರ್ವಕ್ಕೋ ಇರಬೇಕು, ಗುಮಾಸ್ತರ ಆಸನಗಳು ಬೇರೆ ಬೇರೆ ಇರಬೇಕು, ಲೆಕ್ಕದ ಪುಸ್ತಕಗಳ ಅಟ್ಟಣಿಗೆ ಓರಣವಾಗಿರಬೇಕು. ಎರಡು ಸಾವಿರ ವರ್ಷದ ಹಿಂದೆಯೇ ಆಫೀಸ್ ಇಂಟೀರಿಯರ್ ಸ್ವಾಮಿ!

ಹಾಗಾದ್ರೆ ಕುರ್ಚಿ ಎಲ್ಲಿಂದ ಬಂತು? ಪದದಲ್ಲೇ ಉತ್ತರ ಇದೆ. ಕುರ್ಚಿ ಅರಬ್ಬಿ ಮೂಲದ್ದು. ಮೇಜು ಪಾರ್ಸಿಯದ್ದು. ಮಣೆ, ಚಾಪೆ, ಪೀಠ ಇದ್ದ ಮನೆಗೆ ಇವು ಹೊರಗಿಂದ ಬಂದ ನೆಂಟರು. ಬ್ರಿಟಿಷರ ಕಾಲದಲ್ಲಿ ನೆಂಟರೇ ಯಜಮಾನರಾದರು. 1868ರಲ್ಲಿ ಬೆಂಗಳೂರಿನ ಅಠಾರಾ ಕಚೇರಿ ಸಿದ್ಧವಾಯ್ತು. ಇವತ್ತಿನ ಹೈಕೋರ್ಟ್ ಕಟ್ಟಡ. ಅದುವರೆಗೆ ಟಿಪ್ಪುವಿನ ಅರಮನೆಯಲ್ಲಿದ್ದ ಸರ್ಕಾರದ ಇಲಾಖೆಗಳು ಅಲ್ಲಿಗೆ ಹೋದವು. ಸಾಲು ಕೋಣೆ, ಸಾಲು ಮೇಜು, ಸಾಲು ಕುರ್ಚಿಗಳ ಕಾಲ ಬಂತು.

ಆದ್ರೆ ಕುರ್ಚಿ ಎಲ್ಲರಿಗೂ ಸಿಗಲಿಲ್ಲ. ಉತ್ತರ ಭಾರತದಲ್ಲಿ ಬ್ರಿಟಿಷ್ ಅಧಿಕಾರಿಗಳು 'ಕುರ್ಸಿ ನಶೀನ್' ಅಂತ ಸರ್ಟಿಫಿಕೇಟ್ ಕೊಡ್ತಿದ್ರು. ಏನು ಹಾಗಂದ್ರೆ? ಸಾಹೇಬರ ಎದುರು ಈ ಮನುಷ್ಯ ಕುರ್ಚಿಯಲ್ಲಿ ಕೂರಬಹುದು ಅನ್ನೋ ಅನುಮತಿ ಪತ್ರ! ಕೂರೋಕೆ ಲೈಸೆನ್ಸ್! ಉಳಿದವರು ಕೈ ಕಟ್ಟಿಕೊಂಡು ನಿಲ್ಲಬೇಕು. ನಮ್ಮ ರಾಜಕಾರಣದಲ್ಲಿ ಕುರ್ಚಿ ಅಂದ್ರೆ ಇವತ್ತಿಗೂ ಅಧಿಕಾರ ಅಂತ ಅರ್ಥ. ಕುರ್ಚಿ ಕಿತ್ತಾಟ, ಕುರ್ಚಿ ಕನಸು, ಕುರ್ಚಿ ಉಳಿಸಿಕೊಳ್ಳೋ ಸರ್ಕಸ್ಸು. ನಮ್ಮ ಚಾನೆಲ್‌ನ ಅರ್ಧ ಹೆಡ್‌ಲೈನ್‌ಗಳೇ ಕುರ್ಚಿಯ ಮೇಲೆ ಕೂತಿವೆ.

ಅತ್ತ ಪಶ್ಚಿಮದಲ್ಲಿ ಕಥೆ ಇದಕ್ಕೆ ಉಲ್ಟಾ. ಅಲ್ಲಿ ದೊಡ್ಡವರು ನಿಂತು ಬರೀತಿದ್ರು! ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಬಳಿ ಎತ್ತರದ ಮೇಜಿತ್ತು, ಮೇಲಿನ ಹಲಗೆಯ ಇಳಿಜಾರನ್ನ ಬೇಕಾದಂತೆ ಬದಲಾಯಿಸಬಹುದಿತ್ತು. ಬ್ರಿಟನ್ನಿನ ವಿನ್‌ಸ್ಟನ್ ಚರ್ಚಿಲ್ ನಿಂತು ಕೆಲಸ ಮಾಡೋ ಮೇಜು ಇಟ್ಟುಕೊಂಡಿದ್ದ. ಅರ್ನೆಸ್ಟ್ ಹೆಮಿಂಗ್ವೇ ಕ್ಯೂಬಾದ ಮನೆಯಲ್ಲಿ ಪುಸ್ತಕದ ಕಪಾಟಿನ ಮೇಲೆ ಕಾಗದ ಇಟ್ಟು ನಿಂತೇ ಬರೀತಿದ್ದ. ಹತ್ತೊಂಬತ್ತನೇ ಶತಮಾನದ ಗುಮಾಸ್ತರೂ ಎತ್ತರದ ಇಳಿಜಾರು ಮೇಜಿನ ಮುಂದೆ ನಿಂತೋ, ಉದ್ದ ಕಾಲಿನ ಸ್ಟೂಲಿನ ಮೇಲೆ ಒರಗಿಯೋ ಲೆಕ್ಕ ಬರೀತಿದ್ರು. ಅವರನ್ನ ಕೂರಿಸಿದವರಲ್ಲಿ ದೊಡ್ಡ ಪಾಲು ಟೈಪ್‌ರೈಟರ್‌ದು. 1874ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನ ಮಾರುಕಟ್ಟೆಗೆ ತಂತು. ಎರಡೂ ಕೈ ಕೀಲಿಗಳ ಮೇಲೆ, ಕಣ್ಣು ಕಾಗದದ ಮೇಲೆ, ಬೆನ್ನು ಕುರ್ಚಿಗೆ. ಅದರ ಹಿಂದೆಯೇ ಕಂಪ್ಯೂಟರ್ ಬಂತು. ಕೂತವರು ಮತ್ತೆ ಏಳಲೇ ಇಲ್ಲ.

ಕೂತರೆ ಏನಾಗುತ್ತೆ? ಇದನ್ನ ಮೊದಲು ಲೆಕ್ಕ ಹಾಕಿ ತೋರಿಸಿದ್ದು ಲಂಡನ್ನಿನ ಜೆರ್ರಿ ಮಾರಿಸ್ ಅನ್ನೋ ವೈದ್ಯ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಡ್ರೈವರ್ ಒಬ್ಬ, ಕಂಡಕ್ಟರ್ ಒಬ್ಬ. ಅದೇ ಬಸ್ಸು, ಅದೇ ಹೊಗೆ, ಅದೇ ಊರು. ಡ್ರೈವರ್ ಇಡೀ ದಿನ ಕೂರ್ತಾನೆ. ಕಂಡಕ್ಟರ್ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿ ಇಳೀತಾನೆ. ಮಾರಿಸ್ ಸುಮಾರು 31,000 ಸಾರಿಗೆ ನೌಕರರ ಲೆಕ್ಕ ತೆಗೆದು 1953ರಲ್ಲಿ ಪ್ರಕಟಿಸಿದರು. ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ, ಬಂದರೂ ಅಷ್ಟು ಮಾರಕ ಅಲ್ಲ. ಆಮೇಲೆ ಅವರೇ ಸಮವಸ್ತ್ರದ ಅಳತೆ ತೆಗೆದು ನೋಡಿದ್ರು. ಕೆಲಸಕ್ಕೆ ಸೇರುವಾಗಲೇ ಡ್ರೈವರುಗಳ ಸೊಂಟದ ಸುತ್ತಳತೆ ದೊಡ್ಡದಿತ್ತು! ಅಂದ್ರೆ ಎಲ್ಲ ತಪ್ಪನ್ನೂ ಸೀಟಿನ ಮೇಲೆ ಹೊರಿಸೋ ಹಾಗಿಲ್ಲ. ಆದ್ರೂ ದಾರಿ ತೋರಿಸಿದ ಸಂಶೋಧನೆ ಅದು.

ಇಲ್ಲೇ ನೋಡಿ ಮೇಜು ಮಾರೋರು ಜಾಣತನ ತೋರಿಸೋದು. ಕೂರೋದು ಕೆಟ್ಟದ್ದು, ಹಾಗಾಗಿ ನಿಲ್ಲೋದು ಒಳ್ಳೇದು ಅಂತಾರೆ. ತಪ್ಪು! ಕಂಡಕ್ಟರ್ ನಿಂತಿರಲಿಲ್ಲ. ಹತ್ತುತ್ತಿದ್ದ, ಇಳೀತಿದ್ದ, ನಡೀತಿದ್ದ. ನಿಲ್ಲೋದಕ್ಕೂ ನಡೆಯೋದಕ್ಕೂ ಅಜಗಜಾಂತರ.

ತೂಕ ಇಳಿಯುತ್ತೆ ಅಂತಾರಲ್ಲ, ಅದರ ಲೆಕ್ಕವನ್ನೂ ನೋಡಿಬಿಡಿ. 2018ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದಾಗ ಸಿಕ್ಕಿದ್ದು ಇದು. 65 ಕಿಲೋ ತೂಕದ ಮನುಷ್ಯ ಕೂರೋ ಬದಲು ಆರು ಗಂಟೆ ನಿಂತರೆ ಹೆಚ್ಚುವರಿಯಾಗಿ ಕರಗೋದು ದಿನಕ್ಕೆ 54 ಕ್ಯಾಲರಿ. ಹೆಚ್ಚುಕಮ್ಮಿ ಒಂದು ಇಡ್ಲಿ. ಆರು ಗಂಟೆ ನಿಂತು, ಸಂಜೆ ಮೈಲಾರಿಗೆ ಹೋಗಿ ಬೆಣ್ಣೆ ಜೋರಾಗಿರೋ ದೋಸೆ ಒಂದು ತಿಂದ್ರೆ ಅಲ್ಲಿಗೆ ಲೆಕ್ಕ ಚುಕ್ತಾ.

ಕೆನಡಾದ ಒಂಟಾರಿಯೊದಲ್ಲಿ 7,300ಕ್ಕೂ ಹೆಚ್ಚು ಕೆಲಸಗಾರರನ್ನ 12 ವರ್ಷ ಗಮನಿಸಿದ್ರು. ಹೆಚ್ಚು ಹೊತ್ತು ನಿಂತೇ ಮಾಡೋ ಕೆಲಸದವರಿಗೆ, ಕೂತು ಮಾಡೋ ಕೆಲಸದವರಿಗಿಂತ ಹೃದಯದ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು ಕಂಡಿತು. 2024ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ 83,000 ಜನರ ಮಾಹಿತಿ ನೋಡಿ ಹೇಳಿದ್ದೂ ಅದನ್ನೇ. ಬರೀ ನಿಂತರೆ ಹೃದಯಕ್ಕೆ ಲಾಭವಿಲ್ಲ, ಎರಡು ಗಂಟೆ ದಾಟಿ ನಿಲ್ಲುತ್ತಾ ಹೋದಷ್ಟೂ ಕಾಲಿನ ನರ ಉಬ್ಬೋದು, ರಕ್ತಸಂಚಾರದ ತೊಂದರೆ ಜಾಸ್ತಿ. ನಜರ್‌ಬಾದಿನ ಆ ತಾಯಿಗೆ ಇದನ್ನ ಹೇಳೋಕೆ ಸಿಡ್ನಿಯವರು ಬೇಕಿರಲಿಲ್ಲ ಬಿಡಿ. ಅವರ ಕಾಲೇ ಹೇಳ್ತಿತ್ತು.

ನನಗೂ ಒಂದು ದಿನದ ಅನುಭವ ಇದೆ. 2023ರ ಮೇ 13. ವಿಧಾನಸಭೆ ಚುನಾವಣೆಯ ಮತ ಎಣಿಕೆ. ಬೆಳಗ್ಗಿನಿಂದ ರಾತ್ರಿವರೆಗೆ ಸ್ಟುಡಿಯೋದಲ್ಲಿ ನಿಂತೇ ಮಾತಾಡಿದೆ. ಕುರ್ಚಿ ಯಾರಿಗೆ ಅಂತ ಇಡೀ ರಾಜ್ಯಕ್ಕೆ ಹೇಳ್ತಿದ್ದ ನನಗೇ ಕುರ್ಚಿ ಇರಲಿಲ್ಲ! ರಾತ್ರಿ ಮನೆಗೆ ಬಂದು ಶೂ ಬಿಚ್ಚಿದ್ರೆ ಪಾದ ಊದಿತ್ತು. ಒಂದೇ ದಿನಕ್ಕೆ ನನ್ನ ಗತಿ ಅದು. ಇಪ್ಪತ್ತೆರಡು ವರ್ಷ ನಿಂತವರ ಕಥೆ ಯೋಚನೆ ಮಾಡಿ.

ಹಾಗಂತ ಕಾನೂನು ಕಣ್ಣು ಮುಚ್ಚಿಕೊಂಡು ಕೂತಿರಲಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಸೆಕ್ಷನ್ ಏನು ಹೇಳಿತ್ತು ಗೊತ್ತಾ? ನಿಂತು ಕೆಲಸ ಮಾಡೋ ಕಾರ್ಮಿಕರಿಗೆ ಬಿಡುವು ಸಿಕ್ಕಾಗ ಕೂರೋಕೆ ವ್ಯವಸ್ಥೆ ಇರಬೇಕು ಅಂತ. ಆದ್ರೆ ಅದು ಕಾರ್ಖಾನೆಗೆ. ಸೀರೆ ಅಂಗಡಿ ಕಾರ್ಖಾನೆ ಅಲ್ಲವಲ್ಲ! ಪಕ್ಕದ ಕೇರಳದಲ್ಲಿ ಕೋಯಿಕ್ಕೋಡಿನ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಬೀದಿಯಲ್ಲಿ ನಿಂತು ಹೋರಾಡಿದ್ರು. ಯಾತಕ್ಕೆ? ಕೂರೋ ಹಕ್ಕಿಗೆ. 2018ರಲ್ಲಿ ಕೇರಳ ಕಾಯ್ದೆ ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಅಂಗಡಿಯವರು ನೌಕರರಿಗೆ ಆಸನ ಕೊಡಲೇಬೇಕು. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ದಾಟಿದ ಮೇಲೆ ಒಂದು ಸ್ಟೂಲಿಗೆ ಕಾನೂನು ಬೇಕಾಯ್ತು.

ಸರಿ, ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಹದಿನೆಂಟು ಸಾವಿರದ ಮೇಜು ತಗೋಬೇಕಾ?

ನಾನು ಅವನಿಗೆ ಹೇಳಿದ್ದು ಇದು. ಮೇಜು ಕೆಟ್ಟದ್ದಲ್ಲ ಕಣಪ್ಪ. ಆದ್ರೆ ನೀನು ದುಡ್ಡು ಕೊಡ್ತಿರೋದು ನಿಲ್ಲೋದಕ್ಕಲ್ಲ, ಬದಲಾಯಿಸೋದಕ್ಕೆ. ನಮ್ಮ ಹಳೇ ಗುಮಾಸ್ತ ನೆಲದ ಮೇಲೆ ಗಂಟೆಗೆ ಹತ್ತು ಸಲ ಮಗ್ಗುಲು ಬದಲಾಯಿಸ್ತಿದ್ದನಲ್ಲ, ಅದನ್ನೇ ಈಗ ಮೋಟಾರ್ ಇಟ್ಟು ಮಾಡ್ತಿದ್ದಾರೆ. ಬದಲಾಯಿಸ್ತೀಯಾ ಅಂತಾದ್ರೆ ಮೇಜು ಕೆಲಸಕ್ಕೆ ಬರುತ್ತೆ. ಇಲ್ಲಾಂದ್ರೆ ಅದು ಬಟ್ಟೆ ಒಣಗಿಸೋ ಟ್ರೆಡ್‌ಮಿಲ್ಲಿನ ತಮ್ಮ ಆಗುತ್ತೆ.

ಇದು ನನ್ನ ಮಾತಷ್ಟೇ ಅಲ್ಲ. 2018ರಲ್ಲಿ ಕೊಕ್ರೇನ್ ಸಂಸ್ಥೆಯವರು ಈ ಮೇಜುಗಳ ಬಗ್ಗೆ ನಡೆದ ಅಧ್ಯಯನಗಳನ್ನ ತೂಗಿ ನೋಡಿದ್ರು. ಮೊದಲ ಮೂರು ತಿಂಗಳಲ್ಲಿ ಜನ ದಿನಕ್ಕೆ ಸರಾಸರಿ 100 ನಿಮಿಷ ಕಡಿಮೆ ಕೂತರು. ಅದಾದ ಮೇಲೆ ಅದು 57 ನಿಮಿಷಕ್ಕೆ ಇಳೀತು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅಂತಾರಲ್ಲ, ಹಾಗೆ. ಆರೋಗ್ಯಕ್ಕೆ ದೊಡ್ಡ ಲಾಭ ಅನ್ನೋಕೆ ಗಟ್ಟಿ ಪುರಾವೆ ಅವರಿಗೂ ಸಿಗಲಿಲ್ಲ. ಆದ್ರೂ 57 ನಿಮಿಷ ಸುಮ್ನೆ ಅಲ್ಲ.

ಹಾಗಾಗಿ ಮೊದಲು ಬಿಟ್ಟಿ ಪರೀಕ್ಷೆ ಮಾಡು ಅಂದೆ. ಊಟದ ಟೇಬಲ್ ಮೇಲೆ ಗಟ್ಟಿಯಾದ ಒಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಡು. ಮೂರು ವಾರ. ಗಂಟೆಗೊಮ್ಮೆ ಹದಿನೈದು ಇಪ್ಪತ್ತು ನಿಮಿಷ ನಿಲ್ಲು. ಕ್ಯಾಲೆಂಡರ್ ಮೇಲೆ ಗುರುತು ಹಾಕು. ಮೂರನೇ ವಾರವೂ ಗುರುತು ಬೀಳ್ತಿದ್ರೆ ಮೇಜು ತಗೋ.

ಎರಡನೇದು, ಟೇಪು ಹಿಡಿ. ಇದನ್ನ ಜಾಹೀರಾತಿನವರು ಹೇಳಲ್ಲ. ಕೂತಾಗಲೂ ನಿಂತಾಗಲೂ ಮೇಜು ನಿನ್ನ ಮೊಣಕೈ ಎತ್ತರಕ್ಕೆ ಬರಬೇಕು. ಅಗ್ಗದ ಮೇಜುಗಳಲ್ಲಿ ಹೆಚ್ಚಿನವು 70 ಸೆಂಟಿಮೀಟರ್ ಆಸುಪಾಸಿನಿಂದ ಶುರುವಾಗಿ 115-120ರವರೆಗೆ ಏಳುತ್ತವೆ. ನಿಲ್ಲೋದಕ್ಕೆ ತೊಂದರೆ ಇಲ್ಲ. ಐದೂವರೆ ಅಡಿಯವನಿಗೆ ಸುಮಾರು 105 ಸಾಕು. ಸಮಸ್ಯೆ ಇರೋದು ಕೂರೋವಾಗ. ಐದಡಿ ಎತ್ತರದ ಹೆಣ್ಣುಮಗಳಿಗೆ ಕೂತಾಗ ಮೊಣಕೈ ಬರೋದು 60 ಸೆಂಟಿಮೀಟರ್ ಹತ್ತಿರ. ಮೇಜು 70ರಿಂದ ಕೆಳಗಿಳಿಯಲ್ಲ. ಆಗ ಕುರ್ಚಿ ಎತ್ತರಿಸಬೇಕು, ಕಾಲು ಗಾಳಿಯಲ್ಲಿ ನೇತಾಡುತ್ತೆ, ಕಾಲ್ಮಣೆ ಬೇಕಾಗುತ್ತೆ. ಬೆನ್ನು ನೋವಿಗೆ ಅಂತ ತಂದ ಮೇಜು ಭುಜದ ನೋವು ಕೊಡುತ್ತೆ.

ಮೂರನೇದು ಮೋಟಾರ್. ಒಂದು ಮೋಟಾರಿನದ್ದು ಅಗ್ಗ, ಆದ್ರೆ ಒಂದೇ ಮೋಟಾರು ಸರಳಿನ ಮೂಲಕ ಎರಡೂ ಕಾಲು ಎತ್ತಬೇಕು. ಎರಡು ಮಾನಿಟರ್, ಪುಸ್ತಕ ಎಲ್ಲ ಹೇರೋದಾದ್ರೆ ಎರಡು ಮೋಟಾರಿನದ್ದು ಮೇಲು. ಪೂರ್ತಿ ಎತ್ತರಕ್ಕೆ ಏರಿಸಿ ಅಲ್ಲಾಡಿಸಿ ನೋಡು. ಟೈಪ್ ಮಾಡಿದ್ರೆ ಪರದೆ ತೂಗಾಡುತ್ತೆ ಅಂದ್ರೆ ಬೇಡ. ಅಡ್ಡ ಏನಾದ್ರೂ ಸಿಕ್ಕಿದ್ರೆ ತಾನೇ ನಿಲ್ಲೋ ವ್ಯವಸ್ಥೆ ಇರಬೇಕು, ಮನೆಯಲ್ಲಿ ಮಕ್ಕಳಿದ್ರೆ ಅದು ಕಡ್ಡಾಯ. ಕೆಟ್ಟರೆ ಮೈಸೂರಿಗೆ ಬಂದು ರಿಪೇರಿ ಮಾಡ್ತಾರಾ ಕೇಳು. ಕರೆಂಟ್ ಹೋದ್ರೆ ಎತ್ತರದಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ, ಇನ್ವರ್ಟರ್ ಲೈನಿಗೆ ಹಾಕೋಕೆ ಆಗುತ್ತಾ ನೋಡು.

ಕೊನೇದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು. ಯಾವ ಮೇಜೂ ನಿನ್ನನ್ನ ನಡೆಸಲ್ಲ. ನಿನ್ನ ಮನೆ ಹತ್ತಿರವೇ ಕಾರಂಜಿ ಕೆರೆ ಇದೆ. ಕಣ್ಣೆತ್ತಿದ್ರೆ ಚಾಮುಂಡಿ ಬೆಟ್ಟ. ದೊಡ್ಡದೇವರಾಜ ಒಡೆಯರು ಹದಿನೇಳನೇ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲು ಇನ್ನೂ ಗಟ್ಟಿಯಾಗಿವೆ. ಲಂಡನ್ ಕಂಡಕ್ಟರ್ ಇಡೀ ದಿನ ಹತ್ತುತ್ತಿದ್ದ ಮೆಟ್ಟಿಲಿಗಿಂತ ಜಾಸ್ತಿ. ಟಿಕೆಟ್ ಇಲ್ಲ, ವಾರಂಟಿ ಮುಗಿಯಲ್ಲ. ಮತ್ತೆ ನೋವು ಕಾಲಿಗೆ ಇಳೀತಿದ್ರೆ, ಜೋಮು ಹಿಡೀತಿದ್ರೆ ಮೇಜಿನ ಅಂಗಡಿ ಅಲ್ಲ, ಡಾಕ್ಟರ್ ಹತ್ರ ಹೋಗು.

ತಿಂಗಳ ಮೇಲೆ ಹುಡುಗ ಫೋನ್ ಮಾಡಿದ. ಮೂರು ವಾರದಲ್ಲಿ ಹದಿನಾರು ದಿನ ಗುರುತು ಬಿದ್ದಿದೆ ಅಂಕಲ್, ಬೆನ್ನು ಪರವಾಗಿಲ್ಲ, ಮೇಜು ತಗೋತಿದ್ದೀನಿ ಅಂದ. ತಗೋ ಅಂದೆ. ಅವನಿಗೆ ಅದು ಸರಿ. ಅವನ ಅಮ್ಮ ಹಿಂದಿನಿಂದ ಏನೋ ಕೂಗಿದ್ರು. ಏನಂತೆ ಅಂತ ಕೇಳಿದೆ. 'ಗುಂಡಿ ಒತ್ತಿದ್ರೆ ಕೆಳಗೂ ಇಳಿಯುತ್ತಲ್ವಾ, ಹಾಗಾದ್ರೆ ಸರಿ ಅಂತಿದ್ದಾರೆ' ಅಂದ.

ಆ ಒಂದು ಮಾತಲ್ಲಿ ಎಲ್ಲ ಬಂತು ವೀಕ್ಷಕರೇ. ಬೇಕಾದಾಗ ಏಳೋದು, ಬೇಕಾದಾಗ ಕೂರೋದು. ಆ ಗುಂಡಿ ಯಾರ ಕೈಯಲ್ಲಿದೆ ಅನ್ನೋದೇ ಪ್ರಶ್ನೆ. ಹದಿನೆಂಟು ಸಾವಿರ ಕೊಟ್ಟವನಿಗೆ ಅದು ಸಿಕ್ಕಿತು. ಅವನಮ್ಮನಿಗೆ ಇಪ್ಪತ್ತೆರಡು ವರ್ಷ ಸಿಗಲಿಲ್ಲ. ನಿಮ್ಮ ಮನೆಗೆ ಮೇಜು ತರೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಮುಂದಿನ ಸಲ ಹಬ್ಬಕ್ಕೆ ಸೀರೆ ತರೋಕೆ ಹೋದಾಗ, ನಿಮ್ಮ ಮುಂದೆ ಐವತ್ತು ಸೀರೆ ಬಿಚ್ಚಿ ತೋರಿಸ್ತಾ ನಗೋ ಆ ಹೆಣ್ಣುಮಗಳ ಹಿಂದೆ ಒಂದು ಸ್ಟೂಲ್ ಇದೆಯಾ ಅಂತ ಒಂದು ನಜರ್ ಹಾಕಿ. ಇಲ್ಲದಿದ್ದರೆ ಮಾಲೀಕರನ್ನ ಒಂದು ಮಾತು ಕೇಳಿ. ಅಷ್ಟು ಮಾಡಿ ಸಾಕು.